ಕಾಯುವವರ ಸಂಘ

ಪ್ರತಿ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಕ್ಷೌರಿಕ ಅಂಗಡಿಗೆ ಬೀಗ ಹಾಕಿ ಜೈಲಿಗೆ ಹೋಗುತ್ತಿದ್ದ. "ಇಪ್ಪತ್ತೆರಡು ವರ್ಷದಿಂದ ಜೈಲಿಗೆ ಹೋಗ್ತಾ ಇದ್ದೀನಿ ಸ್ವಾಮಿ, ಸಂಜೆ ಬಿಟ್ಟು ಕಳಿಸ್ತಾರೆ" ಎಂದು ಹೊಸ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಾ ಹೇಳುವುದು, ಆತ ಕನ್ನಡಿಯಲ್ಲಿ ಹುಬ್ಬೇರಿಸುವುದನ್ನು ನೋಡುವುದು, ಆಮೇಲೆ ನಿಧಾನವಾಗಿ ನಿಜ ಬಿಚ್ಚಿಡುವುದು ಅವನಿಗೊಂದು ಖುಷಿ. ಕೈದಿಗಳ ತಲೆಗೂದಲು ಕತ್ತರಿಸುವ ಗುತ್ತಿಗೆ ಅವನದು. ಅವನ ಮಾವ ಮಾಡುತ್ತಿದ್ದ ಕೆಲಸ, ಮಾವನ ಕೈ ನಡುಗಲು ಶುರುವಾದಾಗ ಇವನ ಪಾಲಿಗೆ ಬಂತು.

ಅಂಗಡಿಯಲ್ಲಿ ಅವನ ಕತ್ತರಿಗಿಂತ ಬಾಯಿ ಜೋರು. ಜೈಲಿನೊಳಗೆ ಮಾತ್ರ ಬಾಯಿಗೆ ಬೀಗ. ಗೇಟಿನಲ್ಲಿ ಕಾವಲಿನವರು ಚೀಲ ಬಿಚ್ಚಿ ಎರಡು ಕತ್ತರಿ, ಮೂರು ಕತ್ತಿ, ಒಂದು ಮೆಷಿನ್ ಎಂದು ಬರೆದುಕೊಂಡು, ಕೈದಿಗಳ ಜತೆ ಮಾತಾಡಕೂಡದು ಎಂಬುದನ್ನು ಪ್ರತಿ ವಾರವೂ ಹೊಸದಾಗಿ ಹೇಳುತ್ತಿದ್ದರು. ಬೇವಿನ ಮರದ ಕೆಳಗೆ ಒಂದು ಸ್ಟೂಲು. ಮೂರು ನಿಮಿಷಕ್ಕೊಂದು ತಲೆ. ಮುಖಗಳು ಅವನಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ, ತಲೆಗಳು ಇರುತ್ತಿದ್ದವು. ಎರಡು ಸುಳಿಯ ತಲೆ, ಉಬ್ಬು ನೆತ್ತಿಯ ತಲೆ, ಹಿಂದೆ ಹೊಲಿಗೆ ಹಾಕಿಸಿಕೊಂಡ ತಲೆ.

ಎಡಗಿವಿಯ ಹಿಂದೆ ಉಗುರಿನಷ್ಟು ಗಾಯದ ಗುರುತಿದ್ದ ಒಂದು ತಲೆಯಿತ್ತು. ಮೊದಲ ಸಲ ಬಂದು ಕೂತಾಗ ಬಾಚಣಿಗೆಯ ಹಲ್ಲು ಮುರಿಯುವಷ್ಟು ದಟ್ಟ ಕಪ್ಪು ಕೂದಲು. ಒಂದು ಮಂಗಳವಾರ, ಮಡಿಲ ಮೇಲೆ ಹಾಸಿದ ಬಟ್ಟೆಗೆ ಬಿದ್ದ ಕೂದಲನ್ನು ಕೊಡವಲು ಹೋದ ಕ್ಷೌರಿಕನ ಕೈ ಅಲ್ಲೇ ನಿಂತಿತು. ಬಟ್ಟೆಯ ಮೇಲೆ ಒಂದೂ ಕಪ್ಪು ಎಳೆಯಿರಲಿಲ್ಲ.

ಕಾವಲಿನವನು ಅತ್ತ ತಿರುಗಿದ್ದ. ಕ್ಷೌರಿಕ ಬಗ್ಗಿ ಕಿವಿಯ ಹತ್ತಿರ ಕೇಳಿದ: "ಎಷ್ಟು ವರ್ಷ ಶಿಕ್ಷೆ ನಿಂಗೆ?"

"ಶಿಕ್ಷೆ ಇನ್ನೂ ಆಗಿಲ್ಲಣ್ಣ" ಎಂದ ಆತ ತುಟಿ ಅಲ್ಲಾಡಿಸದೆ. "ವಿಚಾರಣೆಗೆ ಕರೀಬೇಕು. ಕರೆದಿಲ್ಲ."

"ಬಂದು ಎಷ್ಟಾಯ್ತು?"

"ಒಂಬತ್ತು."

"ಏನು, ತಿಂಗಳಾ?"

ಆತ ಬಟ್ಟೆಯ ಮೇಲಿನ ಬಿಳಿ ಕೂದಲನ್ನು ನೋಡುತ್ತಾ ಕೂತ. ಆತ ಗಡಿಯಾರ ರಿಪೇರಿಯವನೆಂದು ಕ್ಷೌರಿಕನಿಗೆ ಆಮೇಲೆ ಕಾವಲಿನವರ ಮಾತಿನಿಂದ ತಿಳಿಯಿತು. ಯಾರೋ ತಂದು ಕೊಟ್ಟ ಕಳ್ಳಮಾಲಿನ ಗೋಡೆ ಗಡಿಯಾರವನ್ನು ಕೊಂಡಿದ್ದಾನೆಂದು ಹಿಡಿದು ತಂದಿದ್ದರು.

ಗುರುವಾರಗಳಂದು ಕ್ಷೌರಿಕನ ಅಂಗಡಿಗೆ ಗಡ್ಡ ಮಾಡಿಸಲು ಬರುತ್ತಿದ್ದವರು ನಿವೃತ್ತ ಕೋರ್ಟು ಗುಮಾಸ್ತರು. ಮೂವತ್ತೈದು ವರ್ಷ ಕಡತಗಳ ಧೂಳು ಕುಡಿದವರು, ಮಾತಾಡಿದರೂ ಕಡತ ಓದಿದಂತೆಯೇ. ಆ ಗುರುವಾರ ಕ್ಷೌರಿಕ ಅವರ ಗಂಟಲ ಕೆಳಗೆ ಕತ್ತಿಯಾಡಿಸುತ್ತಾ ಹಗುರವಾಗಿ ಕೇಳಿದ: "ಗುಮಾಸ್ತರೇ, ಕಳ್ಳಮಾಲು ಕೊಂಡುಕೊಂಡ್ರೆ ಎಷ್ಟು ವರ್ಷ ಹಾಕ್ತಾರೆ?"

"ಹೆಚ್ಚು ಅಂದ್ರೆ ಮೂರು. ಮೊದಲ್ನೇ ತಪ್ಪಾದ್ರೆ ಆರು ತಿಂಗಳಿಗೇ ಬಿಟ್ಟಾರು."

ಕತ್ತಿ ನಿಂತಿತು. ಗುಮಾಸ್ತರು ಕಣ್ಣು ಬಿಟ್ಟರು.

"ಇನ್ನೊಂದ್ಸಲ ಹೇಳಿ."

"ಮೊದಲು ಕತ್ತಿ ತೆಗೆಯಪ್ಪಾ ಮಾರಾಯ, ಆಮೇಲೆ ಹೇಳ್ತೀನಿ!"

ಮೂರು ವರ್ಷದ ತಪ್ಪಿಗೆ ಒಂಬತ್ತು ವರ್ಷ. ಅದೂ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಯಾರೂ ಕೇಳಿಯೇ ಇಲ್ಲ. ಕ್ಷೌರಿಕನಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲಿ ಅವನ ಪಾಲೂ ಇತ್ತು. ಒಂಬತ್ತು ವರ್ಷ ಆ ತಲೆಯನ್ನು ತಾನೇ ಕೈಯಾರೆ ಹಿಡಿದು, ಅತ್ತ ಇತ್ತ ತಿರುಗಿಸಿ, 'ಮುಂದಿನವರು' ಎಂದು ಕೂಗಿದ್ದ.

ಕಡತ ಹುಡುಕಲು ಅವನೂ ಗುಮಾಸ್ತರೂ ಎರಡು ತಿಂಗಳು ಚಪ್ಪಲಿ ಸವೆಸಿದರು. ಈ ಕಿಟಕಿಯವರು ಆ ಕಿಟಕಿಗೆ, ಆ ಕಿಟಕಿಯವರು ಮೇಲ್ಮಹಡಿಗೆ, ಮೇಲ್ಮಹಡಿಯವರು ಊಟಕ್ಕೆ. ಕೊನೆಗೆ ಗುಮಾಸ್ತರ ಹಳೆಯ ಸಹೋದ್ಯೋಗಿಯೊಬ್ಬರು ಕನಿಕರಪಟ್ಟು ಗುಟ್ಟು ಬಿಟ್ಟುಕೊಟ್ಟರು. ಎಂಟು ವರ್ಷದ ಹಿಂದೆ ಆ ಕೋರ್ಟನ್ನು ಎರಡು ಮಾಡಿದ್ದರಂತೆ. ಹಳೆಯ ಕೋರ್ಟಿನವರು 'ಹೊಸ ಕೋರ್ಟಿಗೆ ಕಳಿಸಿದೆ' ಎಂದು ಬರೆದರು, ಹೊಸ ಕೋರ್ಟಿನವರು 'ಹಳೆಯ ಕೋರ್ಟಿನಿಂದ ಬಂದಿಲ್ಲ' ಎಂದು ಬರೆದರು. ಇಬ್ಬರೂ ತಮ್ಮ ತಮ್ಮ ಪುಸ್ತಕ ಮುಚ್ಚಿ ಕೈತೊಳೆದುಕೊಂಡರು. ಕಡತ ಎರಡೂ ಕೋರ್ಟುಗಳ ನಡುವಿನ ಕೋಣೆಯಲ್ಲಿ, ದಾರ ಕೂಡ ಬಿಚ್ಚದ ಒಂದು ಗಂಟಿನಲ್ಲಿತ್ತು.

ಗುಮಾಸ್ತರು ಹೊಸದಾಗಿ ವಕೀಲಿ ಶುರು ಮಾಡಿದ್ದ ಒಬ್ಬ ಹುಡುಗಿಯನ್ನು ಹಿಡಿದು ಅರ್ಜಿ ಹಾಕಿಸಿದರು. ಆಮೇಲೆ ಎಲ್ಲರೂ ವಕೀಲಮ್ಮ ಎಂದು ಕರೆದದ್ದು ಅವಳನ್ನೇ. ಗಡಿಯಾರದವನನ್ನು ಕಟಕಟೆಗೆ ತಂದ ದಿನ ಕ್ಷೌರಿಕ ಹಿಂದಿನ ಬೆಂಚಿನಲ್ಲಿ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದ. ನ್ಯಾಯಾಧೀಶರು ಹಾಳೆ ತಿರುಗಿಸಿದರು, ಕನ್ನಡಕ ಒರೆಸಿದರು, 'ಆರೋಪಿ ಈಗಾಗಲೇ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಅವಧಿ ಬಂಧನದಲ್ಲಿದ್ದುದರಿಂದ ಬಿಡುಗಡೆ ಮಾಡಲಾಗಿದೆ' ಎಂದು ಬರೆಸಿ ಮುಂದಿನ ಕಡತ ಕೈಗೆತ್ತಿಕೊಂಡರು. ಏಳು ನಿಮಿಷ. ತಪ್ಪಾಯಿತು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಅಷ್ಟೇಕೆ, ಯಾರೂ ಅವನ ಮುಖ ನೋಡಲಿಲ್ಲ.

ಹೊರಬಂದ ಮನುಷ್ಯನಿಗೆ ಹೋಗಲು ಜಾಗವಿರಲಿಲ್ಲ. ತಾಯಿ ತೀರಿಹೋಗಿ ಆರು ವರ್ಷವಾಗಿತ್ತು. ಹೆಂಡತಿ ಕಾದು ಕಾದು ಬೇರೆ ಸಂಸಾರ ಹೂಡಿದ್ದಳು. ಅವನ ಅಂಗಡಿಯಿದ್ದ ಕಡೆ ಈಗ ಮೊಬೈಲು ಮಾರುತ್ತಿದ್ದರು. ಮರುದಿನ ಬೆಳಿಗ್ಗೆ ಕ್ಷೌರಿಕ ಬಾಗಿಲು ತೆಗೆಯುವಷ್ಟರಲ್ಲಿ ಆತ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಹಿಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಕ್ಷೌರಿಕನ ಹೆಂಡತಿ ಚಹಾ ತಂದುಕೊಟ್ಟಳು. ಆತ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ: "ಅಕ್ಕಾ, ನನ್ನ ಬ್ಯಾರಕ್ಕಿನಲ್ಲೇ ಇನ್ನೂ ಹದಿನಾಲ್ಕು ಜನ ಇದ್ದಾರೆ. ನನ್ನ ಥರದೋರು."

ಅವಳು ಗಂಡನ ಕಡೆ ತಿರುಗಿದಳು. "ಹದಿನಾಲ್ಕು ಜನಕ್ಕೂ ಹೀಗೇ ಎರಡೆರಡು ತಿಂಗಳು ಅಲೀತೀರೇನ್ರೀ?"

"ಅಲೀಬೇಕಲ್ಲ ಮತ್ತೆ!"

"ಒಬ್ಬರೇ ಅಲೆದ್ರೆ ಹುಚ್ಚ ಅಂತಾರೆ. ಏಳು ಜನ ಸೇರಿ ಅಲೆದ್ರೆ ಸಂಘ ಅಂತಾರೆ" ಎಂದವರು ಅಷ್ಟರಲ್ಲಿ ಬಂದು ಕುರ್ಚಿಯಲ್ಲಿ ಕೂತಿದ್ದ ಗುಮಾಸ್ತರು. ನೋಂದಣಿಗೆ ಏಳು ಸಹಿ ಬೇಕೆಂಬುದು ಅವರಿಗೆ ಬಾಯಿಪಾಠ.

ಏಳು ಸಹಿ ಕೂಡಿಸಲು ಮೂರು ವಾರ ಹಿಡಿಯಿತು. ಕ್ಷೌರಿಕ, ಹೆಂಡತಿ, ಗುಮಾಸ್ತರು, ಗಡಿಯಾರದವನು, ವಕೀಲಮ್ಮ, ಇಲ್ಲಿಗೆ ಐದು. ಬೀದಿಯಲ್ಲಿ 'ಒಳ್ಳೇ ಕೆಲಸ, ಒಳ್ಳೇ ಕೆಲಸ' ಎಂದವರೆಲ್ಲ ಪೆನ್ನು ಕೊಟ್ಟ ಕೂಡಲೇ ಕನ್ನಡಕ ಮರೆತು ಬಂದಿದ್ದರು. ಕೊನೆಗೆ ಹೆಂಡತಿ ತನ್ನ ಅಕ್ಕನನ್ನೂ ತಮ್ಮನನ್ನೂ ಕರೆತಂದಳು. ತಾಯಿಯಿಲ್ಲದ ಆ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ನಾಲ್ಕು ವರ್ಷದ ಹಿಂದೆ ಕೆಲಸ ಮುಗಿಸಿ ಬರುತ್ತಿದ್ದ ತಮ್ಮನನ್ನು ಒಬ್ಬ ದರೋಡೆಕೋರ ಕಬ್ಬಿಣದ ಸಲಾಕೆಯಿಂದ ಹೊಡೆದು ಮೊಣಕಾಲು ಮುರಿದಿದ್ದ. ಅಂದಿನಿಂದ ಅವನು ಕುಂಟುತ್ತಲೇ ನಡೆಯುತ್ತಿದ್ದ. ಇಬ್ಬರೂ ಸಹಿ ಹಾಕಿದರು. "ಪಾಪದ ಗಡಿಯಾರದವನಿಗೋಸ್ಕರ ಹಾಕ್ತಿದ್ದೀನಿ" ಎಂದಳು ಅಕ್ಕ.

ಸಂಘಗಳ ನೋಂದಣಿ ಕಚೇರಿಯಲ್ಲಿ ಹೊಸ ತಕರಾರು. ಸಂಘದ ಹೆಸರಿನಲ್ಲಿ 'ಮಾನವ ಹಕ್ಕು' ಎಂಬ ಪದ ಕಂಡಕೂಡಲೇ ಅಧಿಕಾರಿ ಮುಖ ಸಿಂಡರಿಸಿದರು. ಆ ಪದ ಖಾಸಗಿಯವರು ಇಟ್ಟುಕೊಳ್ಳುವಂತಿಲ್ಲವಂತೆ. 'ಕೈದಿಗಳ ನೆರವು ಸಂಘ' ಎಂದು ಬರೆದುಕೊಂಡು ಹೋದರೆ, ಕಳ್ಳರಿಗೆಲ್ಲ ಸಂಘ ಕಟ್ಟಲು ಈ ಕಚೇರಿ ಇಲ್ಲ ಎಂದರು. ಮೂರನೆಯ ಸಲ ಅಲ್ಪವಿರಾಮ ತಪ್ಪಿತ್ತು. ಕ್ಷೌರಿಕ ಹಲ್ಲು ಕಡಿಯುತ್ತಾ ಮೆಟ್ಟಿಲಿಳಿದ. "ನನ್ನ ಕತ್ತರಿ ತಂದಿದ್ರೆ ಆ ಅಧಿಕಾರಿ ಮೀಸೆ ಅರ್ಧಾನೂ ಉಳೀತಿರಲಿಲ್ಲ ಗುಮಾಸ್ತರೇ!"

ನಾಲ್ಕನೆಯ ಸಲ ಗುಮಾಸ್ತರು ಅರ್ಜಿಯ ನೆತ್ತಿಯ ಮೇಲೆ ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು: ಕಾಯುವವರ ಸಂಘ.

"ಏನ್ರೀ ಇದು? ವಾಚ್‌ಮನ್‌ಗಳ ಸಂಘಾನಾ?" ಎಂದರು ಅಧಿಕಾರಿ.

"ಕಾಯೋರೇ ಸಾರ್" ಎಂದರು ಗುಮಾಸ್ತರು ರೆಪ್ಪೆ ಮಿಟುಕಿಸದೆ. "ಹಗಲೂ ರಾತ್ರಿ ಕಾಯ್ತಾರೆ, ಪಾಪ. ಹೇಳೋರು ಕೇಳೋರು ಇಲ್ಲ."

"ನಮ್ಮ ಬೀದೀಲೂ ಒಬ್ಬ ಇದ್ದಾನೆ. ಬರೀ ಗೊರಕೆ." ಅಧಿಕಾರಿ ಮೊಹರು ಒತ್ತಿದರು. ಒಳಗಿನ ಹಾಳೆ ತಿರುಗಿಸಿ ನೋಡಲಿಲ್ಲ. ಮೆಟ್ಟಿಲಿಳಿದು ಬೀದಿಯ ಮೂಲೆ ತಿರುಗುವವರೆಗೂ ಇಬ್ಬರೂ ಗಂಭೀರವಾಗಿದ್ದರು. ಆಮೇಲೆ ಎಪ್ಪತ್ತರ ಗುಮಾಸ್ತರು ದೀಪದ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ಹೆಚ್ಚು ದಿನ ಉಳಿಯಲಿಲ್ಲ. ವಕೀಲಮ್ಮ ಹದಿನಾಲ್ಕು ಜನರ ಅರ್ಜಿಯನ್ನು ಸಂಘದ ಹೆಸರಿನಲ್ಲಿ ಹಾಕಿದ ಮುಂದಿನ ಮಂಗಳವಾರ, ಕ್ಷೌರಿಕನ ಚೀಲವನ್ನು ಗೇಟಿನಲ್ಲಿ ಯಾರೂ ಬಿಚ್ಚಲಿಲ್ಲ. ಸೂಪರಿಂಟೆಂಡೆಂಟರು ತಮ್ಮ ಕೋಣೆಗೆ ಕರೆಸಿಕೊಂಡರು. ಹದಿನೈದು ವರ್ಷ ಅವರ ಗಡ್ಡವನ್ನೂ ಇವನೇ ಮಾಡಿದ್ದ.

"ನಿನ್ನ ಕತ್ತೀನ ನಂಬಿ ಇಷ್ಟು ವರ್ಷ ಕತ್ತು ಕೊಟ್ಟಿದ್ದೆ ಕಣೋ ನಾನು!"

"ಕತ್ತು ಕುಯ್ಯಲಿಲ್ಲವಲ್ಲ ಸಾರ್. ಒಂದು ಪ್ರಶ್ನೆ ಕೇಳಿದೆ ಅಷ್ಟೆ."

"ಪ್ರಶ್ನೆ ಕೇಳೋದು ನಿನ್ನ ಕೆಲಸಾನಾ? ಕೂದಲು ಕತ್ತರಿಸೋನು ಕೂದಲು ಕತ್ತರಿಸಿಕೊಂಡು ಇರಬೇಕು. ನಾನು ಹಿಡಿದು ತರಲ್ಲ, ನಾನು ಶಿಕ್ಷೆ ಕೊಡಲ್ಲ. ಬಂದೋರನ್ನ ಇಟ್ಟುಕೊಳ್ತೀನಿ. ನನ್ನ ತಪ್ಪೇನು?"

ಕ್ಷೌರಿಕ ಬಾಗಿಲ ಹತ್ತಿರ ನಿಂತು ಯೋಚಿಸಿದ. ಪೊಲೀಸರು ಹಿಡಿದು ಕೊಟ್ಟೆವು ಎನ್ನುತ್ತಾರೆ, ಕೋರ್ಟಿನವರು ಕಡತ ಬರಲಿಲ್ಲ ಎನ್ನುತ್ತಾರೆ, ಇವರು ಇಟ್ಟುಕೊಂಡೆವು ಎನ್ನುತ್ತಾರೆ. ಒಬ್ಬ ಮನುಷ್ಯನ ಒಂಬತ್ತು ವರ್ಷ ಕದ್ದಿದ್ದಾರೆ, ಕಳ್ಳ ಮಾತ್ರ ಯಾರೂ ಅಲ್ಲ! "ನನ್ನ ತಪ್ಪು ಏನು ಅಂತ ನಂಗೆ ಗೊತ್ತು ಸಾರ್" ಎಂದ. "ಒಂಬತ್ತು ವರ್ಷ ಕೇಳದೇ ಇದ್ದದ್ದು."

ಗುತ್ತಿಗೆ ಹೋಯಿತು. ಅದರ ಬೆನ್ನಿಗೇ ಅಂಗಡಿಯ ಬೆಂಚಿಗೆ ಒಬ್ಬ ಮಫ್ತಿ ಪೊಲೀಸಿನವನು ಬಂದು ಕೂತ. ಕ್ಷೌರ ಬೇಡ, ಮಾತು ಬೇಡ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಪತ್ರಿಕೆ ಓದುತ್ತಾ, ಒಳಬಂದವರ ಮುಖವನ್ನು ಪತ್ರಿಕೆಯ ಮೇಲಂಚಿನಿಂದ ನೋಡುತ್ತಿದ್ದ. ವಾರದೊಳಗೆ ಗಿರಾಕಿಗಳು ಎದುರು ಬೀದಿಯ ಅಂಗಡಿಗೆ ತಿರುಗಿದರು. ಕ್ಷೌರಿಕ ಒಳಗೊಳಗೇ ಕುದಿಯುತ್ತಿದ್ದ. ಹೆಂಡತಿಯ ದಾರಿ ಬೇರೆ. ಎಂಟನೆಯ ದಿನ ಅವಳು ಗುಂಡಿಗಳ ಡಬ್ಬಿಯನ್ನು ಮಫ್ತಿಯವನ ತೊಡೆಯ ಮೇಲೆ ಸುರಿದಳು.

"ಸುಮ್ನೆ ಕೂತಿದ್ದೀರಲ್ಲಪ್ಪಾ, ಬಿಳೀದು ಬೇರೆ, ನೀಲಿ ಬೇರೆ ಮಾಡಿ ಕೊಡಿ. ಶಾಲೆ ಶುರುವಾಗೋಕೆ ಹತ್ತೇ ದಿನ ಇರೋದು."

ಮಫ್ತಿಯವನು ಗಾಬರಿಯಾದ. ಹೆಂಗಸಿನ ಮೇಲೆ ರೇಗಲು ಅವನಿಗೆ ಆದೇಶವಿರಲಿಲ್ಲ. ಪಾಪ, ವಿಂಗಡಿಸಿದ. ಆಮೇಲೆ ಗುಂಡಿ ತೂರಿಸುವ ಕಾಜಕ್ಕೆ ಗುರುತು ಹಾಕುವುದನ್ನೂ ಕಲಿತ. ಮೂರನೆಯ ವಾರ ಅವನ ಮೇಲಧಿಕಾರಿ ಬೀದಿಯಲ್ಲಿ ಹಾದುಹೋಗುತ್ತಾ, ತನ್ನ ಪೇದೆ ಸೂಜಿಗೆ ದಾರ ಪೋಣಿಸುತ್ತಿರುವುದನ್ನು ಕಂಡರಂತೆ. ಮರುದಿನದಿಂದ ಬೆಂಚು ಖಾಲಿ.

ಜೈಲಿನ ಬಾಗಿಲು ಮುಚ್ಚಿದ ಮೇಲೆ ಹೆಸರುಗಳು ಸಿಗುವುದೆಲ್ಲಿ? ದಾರಿ ಹುಡುಕಿದವಳೂ ಅವಳೇ. ಬುಧವಾರ ಮತ್ತು ಶನಿವಾರ ಕೈದಿಗಳನ್ನು ನೋಡಲು ಮನೆಯವರು ಗೇಟಿನ ಹೊರಗೆ ಸಾಲು ನಿಲ್ಲುತ್ತಿದ್ದರು. ಅವಳು ಮಡಚುವ ಸ್ಟೂಲು, ರಟ್ಟಿನ ಹಲಗೆ, ಪೆನ್ನು ಹಿಡಿದು ಆ ಸಾಲಿನ ಪಕ್ಕ ಕೂತಳು. ಗುಮಾಸ್ತರು ನಮೂನೆ ಮಾಡಿಕೊಟ್ಟಿದ್ದರು, ಅದರಲ್ಲಿ ನಾಲ್ಕೇ ಪ್ರಶ್ನೆ. ಹೆಸರೇನು, ಯಾವ ತಾರೀಕು ಒಳಗೆ ಹೋದದ್ದು, ಏನು ಆರೋಪ, ಕೊನೆಯ ಸಲ ಕೋರ್ಟಿಗೆ ಕರೆದದ್ದು ಯಾವಾಗ.

ಕ್ಷೌರಿಕನಿಗೆ ಅಷ್ಟು ಸಾಲದು. ಅವನು ಬರೆದ ಮೊದಲ ಅರ್ಜಿಯಲ್ಲಿ 'ರಾಕ್ಷಸರು' ಎಂಬ ಪದ ಐದು ಸಲ ಬಂದಿತ್ತು. ಗುಮಾಸ್ತರು ಐದನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

"ಬೈಗುಳಕ್ಕೆ ಅವರ ಹತ್ತಿರ ಉತ್ತರ ಇದೆಯಪ್ಪಾ. ತಾರೀಕಿಗೆ ಇಲ್ಲ. ತಾರೀಕು ಬರಿ."

"ಹೊಟ್ಟೆ ಉರೀತದಲ್ಲ ಗುಮಾಸ್ತರೇ!"

"ಉರೀಲಿ. ಹೊಟ್ಟೇಲೇ ಉರೀಲಿ. ಕಾಗದ ಸುಡಬಾರದು."

ಮೊದಲ ವರ್ಷ ಹದಿನಾಲ್ಕರಲ್ಲಿ ಹನ್ನೊಂದು ಜನ ಹೊರಬಂದರು. ಎರಡನೆಯ ವರ್ಷ ಬರೀ ಮೂವರು. ಸಂಘ ಹುಟ್ಟಿಸುವುದು ಏಳು ಸಹಿಯ ಕೆಲಸ, ಅದನ್ನು ಉಳಿಸುವುದು ಏನೆಂಬುದು ಆಗ ಗೊತ್ತಾಯಿತು. ಹೊರಬಂದವರು ಕಣ್ಣೀರಿಟ್ಟು, ಕೈಮುಗಿದು ಹೋಗುತ್ತಿದ್ದರು, ತಿರುಗಿ ಬರುತ್ತಿರಲಿಲ್ಲ. ಜೈಲು ಎಂಬ ಪದವನ್ನೇ ಮರೆಯಲು ಹೊರಟವರನ್ನು ಸಭೆಗೆ ಬಾ ಎಂದು ಕರೆಯುವುದು ಹೇಗೆ? ತಿಂಗಳ ಸಭೆಗೆ ಕ್ಷೌರಿಕ, ಹೆಂಡತಿ ಬಿಟ್ಟರೆ ಗುಮಾಸ್ತರು, ಗಡಿಯಾರದವನು ಮತ್ತು ಬಾಗಿಲಲ್ಲಿ ಮಲಗಿದ ಬೆಕ್ಕು. ಆದರೂ ಗುಮಾಸ್ತರು ನಡಾವಳಿ ಬರೆಯದೆ ಬಿಡರು. 'ಚರ್ಚೆಯ ನಂತರ ಸಭೆ ಮುಂದೂಡಲಾಯಿತು.' ಹಿರಿಯ ವಕೀಲರು ವಕೀಲಮ್ಮನಿಗೆ ಬೇರೆ ಕೆಲಸ ಕೊಡುವುದನ್ನು ನಿಲ್ಲಿಸಿದ್ದರು. ಒಂದು ಮಧ್ಯಾಹ್ನ ಅವಳು ಕ್ಷೌರಿಕನ ಖಾಲಿ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಳ್ಳುತ್ತಾ, "ಅಣ್ಣಾ, ನಂಗೆ ಸಾಕಾಯ್ತು" ಎಂದು ಅತ್ತಳು. ಎರಡು ವಾರ ಬರಲಿಲ್ಲ. ಮೂರನೆಯ ವಾರ ಬಂದಳು. ಯಾಕೆ ಬಂದೆಯೆಂದು ಯಾರೂ ಕೇಳಲಿಲ್ಲ.

ಮೂರನೆಯ ವರ್ಷ ದೊಡ್ಡ ಟ್ರಸ್ಟೊಂದರ ಸಾಹೇಬರು ಬಂದರು. ಹೊಳೆಯುವ ಬೂಟು, ಹಗುರ ಮಾತು. ಕಚೇರಿ ಕೊಡುತ್ತೇವೆ, ಕಂಪ್ಯೂಟರು ಕೊಡುತ್ತೇವೆ, ಇಬ್ಬರು ವಕೀಲರನ್ನೂ ಕೊಡುತ್ತೇವೆ ಎಂದರು. ವಕೀಲಮ್ಮನ ಕಣ್ಣು ಅರಳಿತು.

"ಒಂದೇ ಮಾತು" ಎಂದರು ಸಾಹೇಬರು. "ನಿರಪರಾಧಿಗಳನ್ನ ಮಾತ್ರ ತಗೊಳ್ಳೋಣ. ಹೊಡೆದಾಟ, ದರೋಡೆ, ಕೊಲೆ, ಇಂಥವೆಲ್ಲ ಬೇಡ. ನೋಡೋರಿಗೆ ಕನಿಕರ ಬರೋ ಅಂಥ ಕೇಸು ಇರಲಿ. ಫೋಟೋನೂ ಚೆನ್ನಾಗಿ ಬರುತ್ತೆ."

"ಯಾರು ನಿರಪರಾಧಿ ಅಂತ ನಂಗೆ ಹೇಗೆ ಗೊತ್ತಾಗಬೇಕು ಸ್ವಾಮಿ?" ಕ್ಷೌರಿಕನ ದನಿ ಏರಿತು. "ನಾನು ಕ್ಷೌರಿಕ. ಅದನ್ನ ಹೇಳೋಕೆ ಕೋರ್ಟು ಇದೆ. ತಪ್ಪು ಮಾಡಿದ್ರೆ ಮಾಡಿದ್ದಾನೆ ಅನ್ನಲಿ, ಮಾಡಿಲ್ಲ ಅಂದ್ರೆ ಬಿಡಲಿ. ಏನೂ ಹೇಳದೆ ಕೊಳೆಹಾಕಬೇಡಿ ಅನ್ನೋದಷ್ಟೇ ನಮ್ಮ ಜಗಳ. ಕನಿಕರ ಬರೋ ಮುಖ ಬೇಕಾದ್ರೆ ಆಚೆ ಬೀದೀಲಿ ಸ್ಟುಡಿಯೋ ಇದೆ, ಹೋಗಿ!"

ಸಾಹೇಬರು ಹೋದರು. ವಕೀಲಮ್ಮ ನಿಟ್ಟುಸಿರುಬಿಟ್ಟಳು. ಕ್ಷೌರಿಕ ಆ ದಿನವಿಡೀ ಎದೆಯುಬ್ಬಿಸಿಕೊಂಡು ಓಡಾಡಿದ. ಅವನ ಎದೆ ಇಳಿಯಲು ಮುಂದಿನ ಬುಧವಾರ ಬರಬೇಕಾಯಿತು.

ಅಂದು ಮಧ್ಯಾಹ್ನ ಹೆಂಡತಿ ಗೇಟಿನಿಂದ ಬಂದವಳು ಹೊಲಿಗೆಗೆ ಕೂರಲಿಲ್ಲ. ಚೀಲದಿಂದ ಒಂದು ನಮೂನೆ ತೆಗೆದು ಗಂಡನ ಮುಂದಿಟ್ಟಳು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಬರೆಸಿದ್ದು. ಮಗ ಒಳಗೆ ಹೋಗಿ ಏಳು ವರ್ಷ. ಆರೋಪ: ದಾರಿಯಲ್ಲಿ ಅಡ್ಡಗಟ್ಟಿ, ಸಲಾಕೆಯಿಂದ ಹೊಡೆದು ಸುಲಿಗೆ. ಕ್ಷೌರಿಕ ತಾರೀಕು ಓದಿದ. ಬೀದಿಯ ಹೆಸರು ಓದಿದ. ಮುಖ ಕಪ್ಪಿಟ್ಟಿತು.

"ಇವನು..."

"ಹೌದು. ನಮ್ಮ ತಮ್ಮನ ಕಾಲು ಮುರಿದೋನು."

"ಹರಿದು ಹಾಕು."

"ಏನಂದ್ರಿ?"

"ಹರಿದು ಹಾಕು ಅಂದೆ. ಅಲ್ಲೇ ಇರಲಿ ಅವನು. ಸಾಯೋವರೆಗೂ ಇರಲಿ!"

ಹೆಂಡತಿ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳಿಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಮೊದಲು ಹೊರಬಿದ್ದದ್ದು ಸಿಟ್ಟು. "ಮೊನ್ನೆ ಸಾಹೇಬರಿಗೆ ಏನು ಭಾಷಣ ಮಾಡಿದ್ರಿ? ಗಂಟಲು ಹರಿಯೋ ಹಾಗೆ! ನಾನು ಹಿಂದೆ ಕೂತು ಕೇಳಿಸಿಕೊಂಡೆನಲ್ಲ. ಏಳು ವರ್ಷ ಆಯ್ತು, ನಮ್ಮ ತಮ್ಮನನ್ನ ಒಂದು ದಿನ ಒಬ್ಬರು ಕರೆದು 'ಏನಾಯ್ತಪ್ಪಾ ನಿಂಗೆ' ಅಂತ ಕೇಳಿದ್ದಾರಾ? 'ಒಳಗೆ ಹಾಕಿದ್ದೀವಿ, ಇನ್ನೇನು ಬೇಕು' ಅಂದ್ರು. ಮುಗೀತು. ಅವನಿಗೂ ಕೋರ್ಟಿಲ್ಲ, ಇವನಿಗೂ ಕೋರ್ಟಿಲ್ಲ. ಇದು ನ್ಯಾಯಾನಾ? ನಂಗೆ ಆ ಮನುಷ್ಯ ಬಿಡುಗಡೆ ಆಗೋದು ಬೇಡ ಕಣ್ರೀ. ಅವನ ವಿಚಾರಣೆ ಬೇಕು!"

ತಮ್ಮನನ್ನು ಕೇಳೋಣ ಎಂದಾಯಿತು. ತಮ್ಮ ಬಂದು, ಕುಂಟುಗಾಲನ್ನು ನೀಡಿಕೊಂಡು ಬೆಂಚಿನ ಮೇಲೆ ಕೂತು, ಕಾಗದವನ್ನು ಎರಡು ಸಲ ಓದಿದ. ಆಮೇಲೆ ಅದನ್ನು ಮಡಚಿ ಭಾವನ ಕೈಗೆ ಕೊಟ್ಟ.

"ಭಾವ, ನಾನು ಮೊದಮೊದಲು ದಿನಾ ಸ್ನಾನ ಮಾಡುವಾಗ ಕೋರ್ಟಿನಲ್ಲಿ ಏನು ಹೇಳಬೇಕು ಅಂತ ಹೇಳಿಕೊಳ್ತಾ ಇದ್ದೆ" ಎಂದ. "ಆಮೇಲೆ ಮರೆತುಬಿಟ್ಟೆ. ಯಾರೂ ಕರೀಲಿಲ್ಲ ನೋಡಿ. ಅರ್ಜಿ ಹಾಕಿ."

ಅಕ್ಕ ಮಾತ್ರ ಕೆಂಡವಾದಳು. ಅಂಗಡಿಯ ನಡುವೆ ನಿಂತು, ಗಿರಾಕಿಯ ಎದುರಿಗೇ, ತಂಗಿಯ ಮುಖಕ್ಕೆ ಬೆರಳು ಮಾಡಿದಳು. "ಎತ್ತಿ ಆಡಿಸಿದ ಕೂಸನ್ನ ಹೊಡೆದೋನಿಗೆ ವಕೀಲರನ್ನ ಇಡ್ತೀಯಾ ನೀನು? ನಿನ್ನ ಕೈಯಾರೆ ಬರೆದ್ಯಾ ಅವನ ಹೆಸರು? ನನ್ನ ಸಹಿ ಹೊಡೆದು ಹಾಕು. ನನ್ನ ಮನೆ ಬಾಗಿಲಿಗೆ ಬರಬೇಡ."

ತಂಗಿ ತಡೆಯಲು ಹೋಗಲಿಲ್ಲ. ನಡಾವಳಿ ಪುಸ್ತಕದಲ್ಲಿ ಗುಮಾಸ್ತರು 'ಒಬ್ಬ ಸದಸ್ಯೆಯ ರಾಜೀನಾಮೆ ಅಂಗೀಕರಿಸಲಾಯಿತು' ಎಂದು ಬರೆಯುವಾಗ ಅವಳು ಹಿಂದಿನ ಕೋಣೆಗೆ ಹೋಗಿ ಹೊಲಿಗೆ ಯಂತ್ರವನ್ನು ಬಟ್ಟೆಯಿಲ್ಲದೆ ಸುಮ್ಮನೆ ತುಳಿದಳು.

ವಿಚಾರಣೆ ನಡೆಯಿತು. ತಮ್ಮ ಕಟಕಟೆ ಹತ್ತಿ ಇಪ್ಪತ್ತು ನಿಮಿಷ ಮಾತಾಡಿದ. ಮರೆತೆನೆಂದವನಿಗೆ ಎಲ್ಲ ನೆನಪಿತ್ತು. ಸಲಾಕೆಯ ತುದಿ ಬಾಗಿದ್ದದ್ದು, ಆ ಮನುಷ್ಯ ಹೊಡೆಯುವ ಮೊದಲು 'ಕೊಟ್ಟುಬಿಡು' ಎಂದು ಎರಡು ಸಲ ಹೇಳಿದ್ದು, ತನ್ನ ಚೀಲದಲ್ಲಿ ಊಟದ ಖಾಲಿ ಡಬ್ಬಿ ಬಿಟ್ಟರೆ ಬೇರೇನೂ ಇರದಿದ್ದದ್ದು. ತಪ್ಪು ಸಾಬೀತಾಯಿತು. ಒಂಬತ್ತು ವರ್ಷ ಶಿಕ್ಷೆ, ಅದರಲ್ಲಿ ಏಳು ಕಳೆದಿತ್ತು. ಮೊಗಸಾಲೆಯಲ್ಲಿ ಆ ಮುದುಕಿ ಒಂದು ಕಂಬದ ಬಳಿ, ತಮ್ಮ ಇನ್ನೊಂದು ಕಂಬದ ಬಳಿ ನಿಂತಿದ್ದರು. ಯಾರೂ ಯಾರ ಹತ್ತಿರವೂ ಹೋಗಲಿಲ್ಲ. ಮುದುಕಿ "ಇನ್ನು ಎರಡು ವರ್ಷ ಅಂತ ಎಣಿಸಬಹುದು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅಕ್ಕ ಆಮೇಲೂ ತಂಗಿಯ ಮನೆಗೆ ಬರಲಿಲ್ಲ. ತಮ್ಮನ ಕೈಯಲ್ಲಿ ಹಣ್ಣು ಕಳಿಸುತ್ತಾಳೆ, ಮಾತು ಕಳಿಸುವುದಿಲ್ಲ.

ಗುಮಾಸ್ತರು ಆರನೆಯ ವರ್ಷ ತೀರಿಕೊಂಡರು. ಅವರ ಜಾಗದಲ್ಲಿ ಗಡಿಯಾರದವನು ಬರೆಯಲು ಕೂತ. ಮೊದಲು ಅಕ್ಷರ ಸೊಟ್ಟ ಸೊಟ್ಟ, ಆಮೇಲೆ ಪರವಾಗಿಲ್ಲ. ಹತ್ತನೆಯ ವರ್ಷಕ್ಕೆ ಹೊರಬಂದವರು ಇನ್ನೂರ ಆರು ಜನ. ಶಿಕ್ಷೆ ಆದವರು ಮೂವತ್ತೊಂದು. ಅವರನ್ನೂ ಸಂಘ ತನ್ನ ಗೆಲುವಿನಲ್ಲೇ ಸೇರಿಸುತ್ತಿತ್ತು, ಅದಕ್ಕೆ ಬೀದಿಯವರಿಂದ ಬೈಗುಳವನ್ನೂ ತಿನ್ನುತ್ತಿತ್ತು. ವಕೀಲಮ್ಮ ನಾಲ್ಕು ವರ್ಷ ಬಡಿದಾಡಿ ಮೇಲಿನ ಕೋರ್ಟಿನಿಂದ ಒಂದು ಆದೇಶ ತಂದಳು. ಮೂರು ತಿಂಗಳಿಗೊಮ್ಮೆ, ವಿಚಾರಣೆಯಿಲ್ಲದೆ ಐದು ವರ್ಷ ಮೀರಿದವರ ಹೆಸರನ್ನೆಲ್ಲ ಜೈಲಿನವರು ತರಬೇಕು, ನ್ಯಾಯಾಧೀಶರು ಬಹಿರಂಗವಾಗಿ ಕೂಗಿಸಬೇಕು.

ಮೊದಲ ಸಲ ಹೆಸರು ಕೂಗುವ ದಿನ ಕೋರ್ಟು ಕಿಕ್ಕಿರಿದಿತ್ತು. ಕ್ಷೌರಿಕನಿಗೆ ಅರವತ್ತು ದಾಟಿತ್ತು, ನಿಂತು ನಿಂತು ಕಾಲಿನ ನರಗಳು ಉಬ್ಬಿದ್ದವು. ಹೆಂಡತಿಯ ಪಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಜೈಲಿನಿಂದ ಕರೆತಂದವರಲ್ಲಿ ಒಂದೊಂದು ಹೆಸರಿಗೆ ಒಬ್ಬೊಬ್ಬ ಎದ್ದು ನಿಲ್ಲುತ್ತಿದ್ದ. ಹದಿನೇಳನೆಯ ಹೆಸರಿಗೆ ಯಾರೂ ಏಳಲಿಲ್ಲ.

"ಗೈರುಹಾಜರು" ಎಂದ ಜೈಲಿನ ನೌಕರ.

"ಮುಂದಿನ ವಾಯಿದೆಗೆ ಹಾಜರುಪಡಿಸಿ" ಎಂದರು ನ್ಯಾಯಾಧೀಶರು.

ಹೆಂಡತಿ ಗಂಡನ ತೋಳು ಹಿಡಿದಳು. ಆ ಹೆಸರು ಇಬ್ಬರಿಗೂ ಗೊತ್ತಿತ್ತು. ಅವನ ಹೆಂಡತಿ ಗೇಟಿನ ಸಾಲಿನಲ್ಲಿ ನಿಂತು ನಮೂನೆ ಬರೆಸಿದ್ದಳು. ಹದಿನಾಲ್ಕು ತಿಂಗಳ ಹಿಂದೆ ಅದೇ ಗೇಟಿನಿಂದ ಅವನ ಹೆಣ ತೆಗೆದುಕೊಂಡು ಹೋಗಿದ್ದಳು. ಕ್ಷೌರಿಕ ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ.

"ಅವನು ಸತ್ತು ಹದಿನಾಲ್ಕು ತಿಂಗಳಾಯ್ತು ಸ್ವಾಮಿ! ಸತ್ತೋನನ್ನ ಎಲ್ಲಿಂದ ಹಾಜರುಪಡಿಸ್ತಾರೆ?"

"ಕೂತ್ಕೊಳ್ಳಿ."

"ನಿಮ್ಮ ಕೈಲೇ ಸತ್ತಿದ್ದಾನೆ, ನಿಮ್ಮ ಪುಸ್ತಕಕ್ಕೇ ಗೊತ್ತಿಲ್ಲ! ಸಾಯೋಕೆ ಮುಂಚೇನೂ ಕರೀಲಿಲ್ಲ, ಸತ್ತ ಮೇಲೆ ಗೈರುಹಾಜರಂತೆ! ನಾಚಿಕೆ ಆಗಲ್ವಾ?"

ವಕೀಲಮ್ಮ ಕಣ್ಣು ಮುಚ್ಚಿಕೊಂಡಳು. ನ್ಯಾಯಾಧೀಶರು ಅವನನ್ನು ಮುಂದೆ ಕರೆಸಿ, ನ್ಯಾಯಾಲಯಕ್ಕೆ ಅಗೌರವ ತೋರಿದ್ದಕ್ಕೆ ಅಂದಿನ ಕಲಾಪ ಮುಗಿಯುವವರೆಗೆ ನಿಂತಿರುವ ಶಿಕ್ಷೆ ಕೊಟ್ಟರು. ಹೇಳಿ, ಬರೆಸಿ, ಸಹಿ ಹಾಕಿದ್ದೆಲ್ಲ ಐದೇ ನಿಮಿಷ.

"ನನ್ನದು ಮಾತ್ರ ಎಷ್ಟು ಬೇಗ ಆಯ್ತು ನೋಡಿ" ಎಂದ ಕ್ಷೌರಿಕ. ಯಾರೋ ನಕ್ಕರು, ಆಮೇಲೆ ನಗು ನುಂಗಿಕೊಂಡರು.

ಹನ್ನೊಂದು ಗಂಟೆಯಿಂದ ಐದೂವರೆಯವರೆಗೆ ಅವನು ನಿಂತ. ಹೆಂಡತಿ ನೀರು ತಂದರೆ ಜವಾನ ತಡೆದ. ಉಳಿದ ಹೆಸರುಗಳನ್ನು ಕೂಗುವುದು ನಡೆದೇ ಇತ್ತು. ಪ್ರತಿ ಸಲ 'ಗೈರುಹಾಜರು' ಎಂದಾಗ ನ್ಯಾಯಾಧೀಶರ ಕಣ್ಣು ತಾನಾಗಿ ಗೋಡೆಯ ಬಳಿ ನಿಂತ ಮುದುಕನತ್ತ ಹೋಗುತ್ತಿತ್ತು. ಒಟ್ಟು ಒಂಬತ್ತು ಗೈರುಹಾಜರು. ಏಳುವ ಮೊದಲು ನ್ಯಾಯಾಧೀಶರು, ಆ ಒಂಬತ್ತೂ ಜನರ ವಿಷಯ ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು ಜೈಲಿನವರಿಗೆ ಆದೇಶ ಬರೆಸಿದರು. ಬರೆಸುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ಉತ್ತರ ಬಂತು. ಒಂಬತ್ತರಲ್ಲಿ ಐವರು ಸತ್ತಿದ್ದರು. ಇಬ್ಬರನ್ನು ಎಂದೋ ಬಿಟ್ಟಾಗಿತ್ತು. ಒಬ್ಬ ಬೇರೊಂದು ಜೈಲಿನಲ್ಲಿದ್ದ. ಒಂಬತ್ತನೆಯವನ ಹೆಸರಿನ ಮುಂದೆ ಒಂದು ಅಡ್ಡಗೆರೆ ಎಳೆದಿದ್ದರು, ಅಷ್ಟೆ. ಬದುಕಿದ್ದಾನೋ, ಸತ್ತಿದ್ದಾನೋ, ಎಂದಾದರೂ ಒಳಗೆ ಇದ್ದನೋ, ಅದನ್ನು ಹೇಳುವ ಒಂದು ಸಾಲೂ ಯಾವ ಕಚೇರಿಯಲ್ಲೂ ಇರಲಿಲ್ಲ.

ಕ್ಷೌರಿಕ ಆ ಅಡ್ಡಗೆರೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಗಡಿಯಾರದವನಿಗೆ ಹಾಳೆ ತೆಗೆಯಲು ಹೇಳಿದ. ಮೊದಲು ಜೈಲಿಗೆ ಒಂದು ಕಾಗದ, ಆಮೇಲೆ ಪೊಲೀಸಿಗೆ, ಆಮೇಲೆ ಆಸ್ಪತ್ರೆಯ ಶವಾಗಾರಕ್ಕೆ. ಹೆಂಡತಿ ಮಡಚುವ ಸ್ಟೂಲು ಹಿಡಿದು ಆಗಲೇ ಬಾಗಿಲಲ್ಲಿ ನಿಂತಿದ್ದಳು. ಅದು ಬುಧವಾರ. ಸಾಲಿನಲ್ಲಿ ಯಾರಾದರೂ ಆ ಹೆಸರು ಕೇಳಿದ್ದಾರೇನೋ ವಿಚಾರಿಸಬೇಕಿತ್ತು.